ಮಷಿನ್ ಕೆಟ್ಟಿಲ್ಲ ಎಂದ ಸಿಸ್ಟರ್‌ಗೆ, ಮತ್ತು ಅವರ ಬೆನ್ನಿಗೆ ನಿಂತ ಎಲ್ಲರಿಗೆ

ಹೋದ ಸೋಮವಾರ ಹುಬ್ಬಳ್ಳಿಯ ಡಾಕ್ಟರು ನನ್ನ ಚೀಟಿಯಲ್ಲಿದ್ದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಗುಳಿಗೆಯ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. 2022ರಲ್ಲಿ ದಿನಕ್ಕೆ 40 ಮಿಲಿಗ್ರಾಂ ಇದ್ದದ್ದು ಇಳಿಯುತ್ತಾ ಇಳಿಯುತ್ತಾ ಅರ್ಧ ಗುಳಿಗೆಗೆ ಬಂದು, ಮೊನ್ನೆ ಸೊನ್ನೆಯಾಯಿತು. "ಇನ್ನ ಇದು ಸಾಕ್ರಿ. ವಾರದ ಗುಳಗಿ ಮಾತ್ರ ಬಿಡಬ್ಯಾಡ್ರಿ. ಮೂರು ತಿಂಗಳಿಗೆ ಬರ್ರಿ" ಅಂದರು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಚೀಟಿ ತೋರಿಸಿದೆ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಆ ಗೆರೆ ಏನೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಬಸ್ಸು ಅಣ್ಣಿಗೇರಿ ದಾಟುವವರೆಗೆ ಸುಮ್ಮನೆ ಕಿಟಕಿ ಕಡೆ ನೋಡುತ್ತಿದ್ದವನು, "ಯವ್ವಾ, ಈ ಸುದ್ದಿ ಯಾರ್ಯಾರಿಗೆ ಮುಟ್ಟಿಸಬೇಕು, ಒಂದು ಪಟ್ಟಿ ಮಾಡು" ಎಂದ. ಗದಗ ಸ್ಟ್ಯಾಂಡ್ ಬರುವ ಹೊತ್ತಿಗೆ ಮೊಬೈಲಿನಲ್ಲಿ ಹದಿನೇಳು ಹೆಸರಾದವು. ಕೆಲವರ ಹೆಸರೇ ನನಗೆ ಗೊತ್ತಿಲ್ಲ. ಅದಕ್ಕೇ ಎಲ್ಲರಿಗೂ ಕಾಣುವಂತೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕಾಯಿಲೆಯ ಹೆಸರು ಟಕಾಯಾಸು ಆರ್ಟರೈಟಿಸ್. ಹೃದಯದಿಂದ ಹೊರಡುವ ಮಹಾಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆ ತಾನಾಗಿಯೇ ಉರಿಯೂತದಿಂದ ಬಾತು, ದಪ್ಪಗಾಗಿ, ಒಳಗಿನ ದಾರಿ ಕಿರಿದಾಗುವ ರೋಗ. ಕೈ, ಕುತ್ತಿಗೆ, ಕಿಡ್ನಿ, ಕಣ್ಣು, ಹೃದಯ, ಮಿದುಳು, ಯಾವುದಕ್ಕೆ ಹೋಗುವ ನಾಳ ಸಣ್ಣದಾಯಿತೋ ಅಲ್ಲಿ ತೊಂದರೆ. ಬಹಳ ಅಪರೂಪ. ಬಂದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅದೂ ನಲವತ್ತರ ಒಳಗಿನವರು. ನನಗಾಗ ಇಪ್ಪತ್ತೆಂಟು. ಬೆಟಗೇರಿಯ ಮನೆಯಿಂದ ಲಕ್ಕುಂಡಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಕನ್ನಡ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ.

2021ರ ದೀಪಾವಳಿ ಆದ ಮೇಲೆ ಜ್ವರ ಶುರುವಾಯಿತು. ಜೋರು ಜ್ವರವಲ್ಲ. ಸಂಜೆಗೆ ಮೈ ಬೆಚ್ಚಗಾಗುವುದು, ರಾತ್ರಿ ದಿಂಬು ತೋಯುವಷ್ಟು ಬೆವರು. ಆಗ ಯಾರಿಗೆ ಏನೇ ಆದರೂ ಕೊರೊನಾದ ಮೇಲೆಯೇ ಹಾಕುತ್ತಿದ್ದ ಕಾಲ, ನನ್ನ ಸುಸ್ತನ್ನೂ ಹಾಗೇ ಅಂದುಕೊಂಡೆವು. ಆಮೇಲೆ ವಿಡಾಲ್ ಪಾಸಿಟಿವ್ ಬಂತೆಂದು ಟೈಫಾಯಿಡ್‌ಗೆ ಎರಡು ಕೋರ್ಸ್ ಆಯಿತು. ನಮ್ಮ ಭಾಗದಲ್ಲಿ ಟೈಫಾಯಿಡ್ ಇಲ್ಲದವರಿಗೂ ಆ ಪರೀಕ್ಷೆ ಪಾಸಿಟಿವ್ ಬರಬಹುದು ಎಂದು ಬಹಳ ತಡವಾಗಿ ತಿಳಿಯಿತು. ಎಂಟು ಕೇಜಿ ಇಳಿದಾಗ ಟಿಬಿ ಇರಬಹುದೆಂದು ಕಫ ನೋಡಿದರು, ಎಕ್ಸ್‌ರೇ ತೆಗೆದರು, ಎರಡೂ ಸ್ವಚ್ಛ. ಇಎಸ್‌ಆರ್ ಎಂಬ, ಮೈಯೊಳಗಿನ ಉರಿಯೂತ ತೋರಿಸುವ ರಕ್ತ ಪರೀಕ್ಷೆಯಲ್ಲಿ ಮಾತ್ರ 102, ಬಹಳ ಹೆಚ್ಚು. ಆ ಅಂಕಿಯ ಕೆಳಗೆ ಪ್ರತಿ ಸಲ ಒಬ್ಬೊಬ್ಬರು ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಗೆರೆಯ ಮುಂದಕ್ಕೆ ಯಾರೂ ಹೋಗಲಿಲ್ಲ.

ಕುತ್ತಿಗೆಯ ಎಡಬದಿ ಮುಟ್ಟಿದರೆ ನೋವು. ಓಣಿಯ ಅಜ್ಜಿಯೊಬ್ಬರು ಉಳುಕೆಂದು ಎಣ್ಣೆ ಹಚ್ಚಿ ತಿಕ್ಕಿದರು. ಅವರ ಅಂತಃಕರಣ ದೊಡ್ಡದು, ಆದರೆ ಅಲ್ಲಿ ನೋಯುತ್ತಿದ್ದದ್ದು ಸ್ನಾಯುವಲ್ಲ, ಮಿದುಳಿಗೆ ಹೋಗುವ ರಕ್ತನಾಳ. ಅಲ್ಲಿ ತಿಕ್ಕಬಾರದಿತ್ತು.

ಮತ್ತೆ ಕೈ. ನಾನು ಎಡಚಿ. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎಡಗೈ ಸೋತು ಕಲ್ಲಾಗುತ್ತಿತ್ತು, ಬೆರಳು ತಣ್ಣಗಾಗಿ ಸುಣ್ಣದಕಡ್ಡಿ ಜಾರುತ್ತಿತ್ತು. ಕೈ ಇಳಿಬಿಟ್ಟು ಎರಡು ನಿಮಿಷ ನಿಂತರೆ ಮತ್ತೆ ಸರಿ. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದೇ ಪಾಡು. ಹದಿನೈದು ರೊಟ್ಟಿ ಒಂದೇ ಉಸಿರಿಗೆ ಬಡಿಯುತ್ತಿದ್ದವಳು ಮೂರನೆಯದಕ್ಕೇ ಕೈ ತೆಗೆಯುತ್ತಿದ್ದೆ. ಅವ್ವ ಏನೂ ಅನ್ನದೆ ಕೊಣಮಿಗೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಇದನ್ನು ಕತ್ತಿನ ಎಲುಬಿನ ಸವೆತ ಎಂದು ತಿಳಿದು ಒಬ್ಬರು ಪಟ್ಟಿ ಹಾಕಿಸಿದರು. ಕೆಲಸ ಮಾಡಿದಾಗ ಸೋಲುವುದು, ಬಿಟ್ಟ ಕೂಡಲೇ ಸರಿಯಾಗುವುದು, ಈ ಎರಡನ್ನು ಜೋಡಿಸಿದರೆ ಅದು ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಎಂಬುದರ ಗುರುತು. ಈಗ ಹೇಳುತ್ತೇನೆ. ಆಗ ನನಗೂ ಜೋಡಿಸಲು ಬರಲಿಲ್ಲ.

ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಈ ಬರಹ ಪೂರ್ತಿಯಾಗುವುದಿಲ್ಲ. ತಲೆಸುತ್ತು ಬಂದು ಒಂದು ಕ್ಲಿನಿಕ್ಕಿಗೆ ಆರು ಸಲ ಹೋದೆ. ಆರೂ ಸಲ ಬಿಪಿ 90ರ ಆಜುಬಾಜು. "ಲೋ ಬಿಪಿ" ಎಂದು ಸಲಾಯಿನ್ ಏರಿಸಿದರು, ನಿಂಬೆಹಣ್ಣಿನ ಪಾನಕಕ್ಕೆ ಉಪ್ಪು ಜಾಸ್ತಿ ಹಾಕಿ ಕುಡಿಯಲು ಹೇಳಿದರು. ನಾನು ಕುಡಿದೆ, ಎರಡು ತಿಂಗಳು, ದಿನಕ್ಕೆ ಮೂರು ಲೋಟ. ತಲೆನೋವು ಇನ್ನೂ ಹೆಚ್ಚಾಯಿತು. ಆರೂ ಸಲ ಪಟ್ಟಿ ಕಟ್ಟಿದ್ದು ಎಡಗೈಗೆ, ಏಕೆಂದರೆ ರೋಗಿ ಕೂರುವ ಸ್ಟೂಲಿನ ಎಡಕ್ಕೆ ಅವರ ಟೇಬಲ್ಲು ಇತ್ತು. ನಾಳ ಕಿರಿದಾದ ಕೈಯಲ್ಲಿ ಅಳೆದರೆ ಬಿಪಿ ಸುಳ್ಳೇ ಕಡಿಮೆ ತೋರಿಸುತ್ತದೆ. ಆಚೆ ಕೈಯಲ್ಲಿ ಅದು ಏರುತ್ತಾ ಹೋಗಿತ್ತು. ಅವರು ಕೆಟ್ಟವರಲ್ಲ, ಫೀಸನ್ನೂ ಪೂರ್ತಿ ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ಆ ಉಪ್ಪುನೀರಿನ ಲೋಟ ನೆನಪಾದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಇನ್ನು 2022ರ ಜುಲೈ. ಹೆಣ್ಣುಮಕ್ಕಳಿಗೆ ಕಬ್ಬಿಣಾಂಶದ ಗುಳಿಗೆ ಕೊಡಲು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಶಾಲೆಗೆ ಬಂದಿದ್ದರು. ಗುಳಿಗೆ ಕೊಟ್ಟಾದ ಮೇಲೆ ಸ್ಟಾಫ್ ರೂಮಿನಲ್ಲಿ ಶಿಕ್ಷಕರ ಬಿಪಿ ನೋಡತೊಡಗಿದರು. ಬ್ಯಾಟರಿ ಮೇಲೆ ನಡೆಯುವ ಸಣ್ಣ ಮಷಿನ್. ನನ್ನ ಸರದಿ ಬಂತು. ಪಟ್ಟಿ ಉಬ್ಬಿತು, ಇಳಿಯಿತು, ತೆರೆಯ ಮೇಲೆ ಬಂದದ್ದು ಅಂಕಿಯಲ್ಲ, ಎರರ್ ಎಂಬ ಗುರುತು. ಮತ್ತೊಮ್ಮೆ ಮಾಡಿದರು, ಅದೇ. ಮೂರನೆಯ ಸಲವೂ ಅದೇ. "ಸೆಲ್ ಹೋಗ್ಯಾವ ತಗೀರಿ ಸಿಸ್ಟರ್, ಚಾ ಆರಾಕತ್ತೈತಿ" ಎಂದರು ಪಕ್ಕದಲ್ಲಿದ್ದವರು.

ಸಿಸ್ಟರ್ ಏಳಲಿಲ್ಲ. ಮಷಿನ್ ತಮ್ಮ ಕೈಗೆ ಕಟ್ಟಿಕೊಂಡು ನೋಡಿದರು, 126 ತೋರಿಸಿತು. ಮತ್ತೆ ನನ್ನ ಎಡ ಮಣಿಕಟ್ಟನ್ನು ಹಿಡಿದು, ಹೆಬ್ಬೆರಳ ಬುಡದಲ್ಲಿ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಬೆರಳನ್ನು ಒಂದಿಷ್ಟು ಮೇಲಕ್ಕೆ, ಒಂದಿಷ್ಟು ಒಳಕ್ಕೆ ಸರಿಸಿದರು. ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಿತ್ತು. ಆಮೇಲೆ ಬಲಗೈ ಹಿಡಿದರು, ಮತ್ತೆ ಎಡಗೈಗೆ ಬಂದರು.

"ಅಕ್ಕೋರ, ಮಷಿನ್ ಕೆಟ್ಟಿಲ್ರಿ. ನಿಮ್ಮ ಈ ಕೈಯಾಗ ನಾಡಿ ಸಿಗವಲ್ದು."

ನಾಡಿ ಸಿಗದಿದ್ದರೆ ಮನುಷ್ಯ ಸತ್ತ ಹಾಗೆ ಎಂದೇ ನಾನು ತಿಳಿದಿದ್ದೆ. ಕುರ್ಚಿಯಲ್ಲಿ ಕೂತು, ಉಸಿರಾಡುತ್ತಾ, ಎದುರಿಗಿದ್ದವರ ಮಾತು ಕೇಳುತ್ತಾ ಆ ಮಾತನ್ನೂ ಕೇಳಿಸಿಕೊಂಡೆ.

ಚಹಾ ಅಲ್ಲೇ ಉಳಿಯಿತು. ತಮ್ಮ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಒಯ್ದರು. ಅಲ್ಲಿ ಪಾದರಸದ ಹಳೇ ಬಿಪಿ ಪೆಟ್ಟಿಗೆ ಇತ್ತು. ಬಲಗೈ 172, ಎಡಗೈಯಲ್ಲಿ 80ರ ಹತ್ತಿರ ಏನೋ ಮಿಣುಕಿದಂತಾಯಿತು. ಅಲ್ಲಿಯ ಡಾಕ್ಟರು ಓದು ಮುಗಿಸಿ ಬಂದು ವರ್ಷವೂ ಆಗಿರದ ಹುಡುಗ. ಸಿಸ್ಟರ್ ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ನನ್ನ ಎಡ ಕೊರಳೆಲುಬಿನ ಮೇಲೆ, ಆಮೇಲೆ ಕುತ್ತಿಗೆಯ ಮೇಲೆ, ಆಮೇಲೆ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ಫ್ಯಾನ್ ಬಂದ್ ಮಾಡಿಸಿ ಕೇಳಿದರು. ನನ್ನ ಕಿವಿಗೂ ಕೊಟ್ಟರು. ಕಿರಿದಾದ ಕಾಲುವೆಯಲ್ಲಿ ನೀರು ನುಗ್ಗುವಾಗ ಬರುವ "ಸ್ಸ್... ಸ್ಸ್..." ಅಂಥ ಸದ್ದು. ಅದು ನನ್ನದೇ ರಕ್ತದ ಸದ್ದು.

"ನಾ ಇದನ್ನ ಪುಸ್ತಕದಾಗ ಓದೇನ್ರಿ, ನೋಡಿಲ್ಲ" ಎಂದರು. ಅಷ್ಟು ಹೇಳಲು ದೊಡ್ಡ ಮನಸ್ಸು ಬೇಕು. ಆಮೇಲೆ ಅವರು ಬರೆದ ರೆಫರಲ್ ಚೀಟಿಯ ಝೆರಾಕ್ಸ್ ನನ್ನ ಹತ್ತಿರ ಈಗಲೂ ಇದೆ. ಐದು ಸಾಲು. ವಯಸ್ಸು 28. ಎಡಗೈ ಕೆಲಸಕ್ಕೆ ಸೋಲುತ್ತದೆ. ಎಡ ನಾಡಿ ಸಿಗುತ್ತಿಲ್ಲ. ಎರಡು ಕೈಗಳ ಬಿಪಿ ನಡುವೆ 90 ಅಂತರ. ಕೊರಳೆಲುಬಿನ ಹತ್ತಿರ ಸದ್ದು. ಕೊನೆಗೆ "ಟಕಾಯಾಸು" ಎಂಬ ಶಬ್ದ, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಆ ಐದು ಸಾಲಿನ ತೂಕ ನನಗೆ ಗೊತ್ತಾದದ್ದು ಆಮೇಲೆ. ಈ ರೋಗವನ್ನು ಗುರುತಿಸಲು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 1990ರಲ್ಲಿ ಆರು ಲಕ್ಷಣಗಳ ಪಟ್ಟಿ ಮಾಡಿತ್ತು. ಆರರಲ್ಲಿ ಮೂರು ಇದ್ದರೆ ಈ ರೋಗವೆಂದು ಎಣಿಸಬಹುದು. ನಮ್ಮ ಹಳ್ಳಿಯ ಡಾಕ್ಟರು ಬರೆದ ಚೀಟಿಯಲ್ಲಿ ಐದು ಇದ್ದವು. ಆರನೆಯದು ಮಾತ್ರ ಆಂಜಿಯೋಗ್ರಾಂನಲ್ಲಿ, ಅಂದರೆ ರಕ್ತನಾಳಗಳ ಚಿತ್ರದಲ್ಲಿ, ಕಾಣಬೇಕಾದದ್ದು. 2022ರಲ್ಲಿ ಪಟ್ಟಿ ಬದಲಾಗಿದೆ, ಸ್ಕ್ಯಾನಿನಲ್ಲಿ ದೊಡ್ಡ ನಾಳಗಳ ತೊಂದರೆ ಕಾಣಲೇಬೇಕು ಎನ್ನುತ್ತದೆ ಹೊಸ ನಿಯಮ. ಇರಲಿ. ಸ್ಕ್ಯಾನ್ ಎಲ್ಲಿ, ಯಾತಕ್ಕೆ ಮಾಡಬೇಕು ಎಂದು ಹೇಳಿದ್ದು ಮೂರು ಬೆರಳು, ಒಂದು ಬಿಪಿ ಪಟ್ಟಿ, ಒಂದು ಸ್ಟೆತಸ್ಕೋಪ್. ಒಂಬತ್ತು ತಿಂಗಳಲ್ಲಿ ನನ್ನ ರಕ್ತ ಎಷ್ಟು ಸಲ ತೆಗೆದರೋ ಲೆಕ್ಕವಿಲ್ಲ. ಇದೇ ರೋಗ ಎಂದು ಖಚಿತವಾಗಿ ಹೇಳುವ ಒಂದೇ ಒಂದು ರಕ್ತ ಪರೀಕ್ಷೆ ಇಲ್ಲ.

ಹುಬ್ಬಳ್ಳಿಯಲ್ಲಿ ಸಿಟಿ ಆಂಜಿಯೋಗ್ರಾಂ ಆಯಿತು. ಎಡಗೈಗೆ ಹೋಗುವ ನಾಳ ಬಹುತೇಕ ಮುಚ್ಚಿತ್ತು, ಕುತ್ತಿಗೆಯ ಎಡ ನಾಳದ ಗೋಡೆ ದಪ್ಪಗಾಗಿತ್ತು, ಎಡ ಕಿಡ್ನಿಯ ನಾಳ ಕಿರಿದಾಗಿತ್ತು. ಬಿಪಿ ಏರಿದ್ದು ಕಿಡ್ನಿಯಿಂದ. ಕಿಡ್ನಿಗೆ ರಕ್ತ ಕಡಿಮೆ ಬಂದರೆ ಅದು ಮೈಯಲ್ಲೇ ರಕ್ತ ಕಡಿಮೆಯಾಗಿದೆ ಎಂದು ತಿಳಿದು ಒತ್ತಡ ಏರಿಸುತ್ತದಂತೆ. ಅಪ್ಪನಿಗೆ ರುಮಟಾಲಜಿಸ್ಟ್ (ಸಂಧಿವಾತ ಮತ್ತು ಇಂಥ ಉರಿಯೂತದ ರೋಗಗಳ ತಜ್ಞ) ಡಾಕ್ಟರು ವಿವರಿಸಿದ ರೀತಿ ಮರೆಯಲಾರೆ. "ನಿಮ್ಮ ಬೆಟಗೇರಿಯ ನಳ ಗೊತ್ತಲ್ರಿ? ಪೈಪಿನೊಳಗ ಕಸ ಕುಂತು ನೀರು ಬರದಿದ್ರ ಅದು ಬ್ಯಾರೆ. ಇಲ್ಲಿ ಪೈಪಿನ ಗ್ವಾಡಿನ ಬಾತೈತಿ. ಕಸ ತಗದ್ರ ಆಗೂದಿಲ್ಲ, ಬಾವು ಇಳೀಬೇಕು." ಅಪ್ಪ ನೇಕಾರ. ಹತ್ತು ದಿನಕ್ಕೊಮ್ಮೆ ನೀರು ಕಾಯುವ ಓಣಿಯವ. ಒಮ್ಮೆ ಕೇಳಿದವನಿಗೆ ಮತ್ತೆ ಹೇಳಬೇಕಾಗಲಿಲ್ಲ. ಊರಲ್ಲಿ ಕೇಳಿದವರಿಗೆಲ್ಲ ಇವತ್ತಿಗೂ ಅದೇ ಮಾತಿನಲ್ಲಿ ಹೇಳುತ್ತಾನೆ.

ಬಾವು ಇಳಿಯುವ ಮೊದಲು ಸ್ಟೆಂಟ್ ಹಾಕಿಸಲು ಅವಸರ ಮಾಡಿದವರು ಇದ್ದರು. ಈ ಡಾಕ್ಟರು ತಡೆದರು. ಉರಿಯುತ್ತಿರುವ ನಾಳವನ್ನು ಮುಟ್ಟಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಮೊದಲು ತಣ್ಣಗಾಗಲಿ ಎಂದರು. ಬಾವು ಇಳಿಸುವ ಸ್ಟಿರಾಯ್ಡ್ ಶುರು ಮಾಡುವ ಮೊದಲು ಟಿಬಿ ಎಲ್ಲಾದರೂ ಅಡಗಿದೆಯೇ ಎಂದು ಮತ್ತೊಮ್ಮೆ ನೋಡಿದರು. ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಹದಿನಾಲ್ಕು ತಿಂಗಳು ಕಾಯಿಸಿದ ಮೇಲೆ ಕಿಡ್ನಿಯ ನಾಳವನ್ನು ಬಲೂನಿನಿಂದ ಹಿಗ್ಗಿಸಿದರು. ಈಗ ಬಿಪಿಗೆ ಒಂದೇ ಗುಳಿಗೆ ಸಾಕಾಗಿದೆ. ಕಾಯಲು ಹೇಳಿದ ಅವರ ಧೈರ್ಯಕ್ಕೆ ನನ್ನ ನಮಸ್ಕಾರ.

ಕಣ್ಣಿನ ಡಾಕ್ಟರ ಹತ್ತಿರ ಕೂತಾಗಲೇ ಈ ಹೆಸರಿನ ಕಥೆ ಕೇಳಿದೆ. ಮಿಕಿಟೊ ಟಕಾಯಾಸು ಜಪಾನಿನ ಕಣ್ಣಿನ ವೈದ್ಯ. 1908ರಲ್ಲಿ ತಮ್ಮ ದೇಶದ ನೇತ್ರವೈದ್ಯರ ಸಭೆಯಲ್ಲಿ 21 ವರ್ಷದ ಹೆಣ್ಣುಮಗಳೊಬ್ಬಳ ಕಣ್ಣಿನ ಹಿಂಬದಿಯಲ್ಲಿ ರಕ್ತನಾಳಗಳು ಮಾಲೆಯಂತೆ ಹೆಣೆದುಕೊಂಡಿದ್ದನ್ನು ವಿವರಿಸಿದರು. ಅದೇ ಸಭೆಯಲ್ಲಿ ಓನಿಶಿ, ಕಾಗೋಶಿಮಾ ಎಂಬ ಇನ್ನಿಬ್ಬರು ವೈದ್ಯರು ತಮ್ಮ ಬಳಿಯೂ ಇಂಥ ರೋಗಿಗಳಿದ್ದಾರೆ, ಅವರ ಕೈಯಲ್ಲಿ ನಾಡಿ ಸಿಗುವುದಿಲ್ಲ ಎಂದರು. ಮುಂದೆ ಇದಕ್ಕೆ ನಾಡಿ ಇಲ್ಲದ ರೋಗ ಎಂಬ ಹೆಸರೂ ಬಂತು. ಕಣ್ಣು ನೋಡುವವರ ಸಭೆಯಲ್ಲಿ ಕೈ ಹಿಡಿದು ನೋಡಿದ ಆ ಇಬ್ಬರನ್ನು ನೆನೆದಾಗಲೆಲ್ಲ ನನಗೆ ನಮ್ಮ ಸಿಸ್ಟರ್ ಕಣ್ಣು ಮುಚ್ಚಿ ಕೂತದ್ದೇ ಕಣ್ಣಿಗೆ ಬರುತ್ತದೆ.

ಸ್ಟೇಷನ್ ರೋಡಿನ ಔಷಧ ಅಂಗಡಿಯ ಅಣ್ಣ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಮೊದಲ ಸಲ ಮೆಥೊಟ್ರೆಕ್ಸೇಟ್, ಅಂದರೆ ಬಾವು ಹತೋಟಿಯಲ್ಲಿಡುವ ನನ್ನ ವಾರದ ಗುಳಿಗೆ, ಕೊಡುವಾಗ ನೀವು ಗಿರಾಕಿಗಳ ಸಾಲು ನಿಲ್ಲಿಸಿ, ಪೊಟ್ಟಣದ ಮೇಲೆ ಕೆಂಪು ಪೆನ್ನಿನಿಂದ "ರವಿವಾರ ಮಾತ್ರ" ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದಿರಿ. "ಇದು ವಾರಕ್ಕೊಮ್ಮೆ ತಗೊಳ್ಳೂ ಗುಳಗಿ, ದಿನಾ ತಗೊಂಡ್ರ ಜೀವಕ್ಕ ಅಪಾಯ, ಮನ್ಯಾಗ ಎಲ್ಲಾರಿಗೂ ಹೇಳ್ರಿ" ಎಂದು ಅಪ್ಪನಿಂದ ಎರಡು ಸಲ ಹೇಳಿಸಿದಿರಿ. ಆ ಪೊಟ್ಟಣವನ್ನು ಅವ್ವ ದೇವರ ಜಗಲಿಯ ಹತ್ತಿರ ಗೋಡೆಗೆ ಅಂಟಿಸಿದ್ದಾಳೆ.

ಮುಖ್ಯೋಪಾಧ್ಯಾಯರಿಗೆ, ಒಂದು ವರ್ಷ ನನಗೆ ಮಹಡಿಯ ಮೇಲಿನ ತರಗತಿ ಹಾಕದೆ ಇದ್ದದ್ದಕ್ಕೆ. ಗಣಿತದ ಸರ್‌ಗೆ, ನನ್ನ ಪಾಳಿಯ ಪರೀಕ್ಷಾ ಕೆಲಸವನ್ನೆಲ್ಲ ತಾವೇ ಹೊತ್ತದ್ದಕ್ಕೆ. ರಕ್ತ ತೆಗೆಯುವ ಲ್ಯಾಬಿನ ತಮ್ಮನಿಗೆ, ಎಡಗೈಗೆ ಸೂಜಿ ಹಾಕಬಾರದೆಂಬುದನ್ನು ಒಮ್ಮೆಯೂ ಮರೆಯದ್ದಕ್ಕೆ.

ಮತ್ತು ಆಗ ಒಂಬತ್ತನೇ ತರಗತಿಯಲ್ಲಿದ್ದ ಹುಡುಗಿಗೆ. ಸ್ಟಿರಾಯ್ಡಿನಿಂದ ನನ್ನ ಮುಖ ಊದಿ ಚಂದ್ರನಂತಾಗಿತ್ತು. ರಜೆ ಮುಗಿಸಿ ಬಂದ ದಿನ ಮಕ್ಕಳಿಗೆ ನನ್ನ ಗುರುತೇ ಸಿಗಲಿಲ್ಲ, ಗೊತ್ತಾದ ಮೇಲೆ ಎಲ್ಲರೂ ನೆಲ ನೋಡುತ್ತಾ ಕೂತರು. ಬೋರ್ಡಿಗೆ ಹೋಗಿ ಕೈ ಎತ್ತಿದೆ. ಎರಡನೇ ಸಾಲಿಗೆ ಕೈ ಇಳಿಯಿತು. ಹಿಂದಿನ ಬೆಂಚಿನಿಂದ ಈ ಹುಡುಗಿ ಎದ್ದು ಬಂದು, "ಅಕ್ಕೋರ, ನೀವು ಹೇಳ್ರಿ, ನಾ ಬರಿತೀನಿ" ಎಂದು ಸುಣ್ಣದಕಡ್ಡಿ ಇಸಿದುಕೊಂಡಳು. ಆ ವರ್ಷ ಪೂರ್ತಿ ನಾನು ಕುರ್ಚಿಯಲ್ಲಿ ಕೂತು ಹೇಳಿದೆ, ಅವಳು ಬರೆದಳು. ಹಳಗನ್ನಡದ ಪದ್ಯ ಬರೆಯುವಾಗ ಒಂದು ಒತ್ತಕ್ಷರ ತಪ್ಪಿದರೂ ಅಂಗೈಯಿಂದ ಒರೆಸಿ ಮತ್ತೆ ಬರೆಯುತ್ತಿದ್ದಳು. ತಿಂಗಳು ಕಳೆದ ಹಾಗೆ ಅವಳ ಅಕ್ಷರ ದುಂಡಗಾಗುತ್ತಾ ಬಂತು, ನನ್ನ ಕೈಯೂ ಮೆಲ್ಲಗೆ ಬಲ ಹಿಡಿಯಿತು. ದೊಡ್ಡ ನಾಳ ಮುಚ್ಚಿದರೆ ಸುತ್ತಲಿನ ಸಣ್ಣ ನಾಳಗಳು ಹಿಗ್ಗಿ ಕೈಗೆ ರಕ್ತ ಒಯ್ಯುವ ದಾರಿ ಮಾಡಿಕೊಳ್ಳುತ್ತವೆ, ಅದಕ್ಕೆ ಸಮಯ ಬೇಕು ಎಂದಿದ್ದರು ಡಾಕ್ಟರು. ಆ ಸಮಯವನ್ನು ನನಗೆ ಕೊಟ್ಟದ್ದು ಈ ಹುಡುಗಿ. ಈಗ ಧಾರವಾಡದಲ್ಲಿ ಓದುತ್ತಿದ್ದಾಳೆ.

ಅವ್ವ, ಅಪ್ಪನ ಬಗ್ಗೆ ಬರೆಯಲು ಹೋದರೆ ಕಣ್ಣು ಮಂಜಾಗುತ್ತದೆ. ಉಪ್ಪು ಕಡಿಮೆ ಮಾಡಬೇಕೆಂದಾಗ ಅವ್ವ ಮನೆಮಂದಿಗೆಲ್ಲ ಸಪ್ಪಗೆಯೇ ಅಡುಗೆ ಮಾಡಿದಳು, ನನಗೊಬ್ಬಳಿಗೇ ಬೇರೆ ಪಾತ್ರೆ ಇಡಲಿಲ್ಲ. ಚಟ್ನಿ, ಉಪ್ಪಿನಕಾಯಿ ಇಲ್ಲದೆ ಅಪ್ಪ ಮೂರು ವರ್ಷ ರೊಟ್ಟಿ ಉಂಡಿದ್ದಾನೆ.

ರೋಗ ಹೋಗಿಬಿಟ್ಟಿತೆಂದು ತಿಳಿಯಬೇಡಿ. ಇದು ಮರುಕಳಿಸುವ ರೋಗ. ಮೂರು ತಿಂಗಳಿಗೊಮ್ಮೆ ರಕ್ತ, ಡಾಕ್ಟರು ಹೇಳಿದಾಗ ಸ್ಕ್ಯಾನ್, ವಾರದ ಗುಳಿಗೆ, ಇವೆಲ್ಲ ನಡೆದೇ ಇವೆ. ಈ ಸಲದ ಸ್ಕ್ಯಾನಿನಲ್ಲಿ ಹೊಸ ಜಾಗದಲ್ಲಿ ಕಿರಿದಾಗಿಲ್ಲ. ಸದ್ಯಕ್ಕೆ ನನಗೆ ಇಷ್ಟು ಸಾಕು. ಬೇರೆ ಶಾಲೆಗಳ ನನ್ನ ಅಕ್ಕೋರ ಬಳಗಕ್ಕೆ ಒಂದು ವಿನಂತಿ ಇದೆ. ನಿಮ್ಮ ಶಾಲೆಗೂ ಸಿಸ್ಟರ್ ಬರುತ್ತಾರೆ. ವಯಸ್ಸು ಸಣ್ಣದು ಎಂದು ಎದ್ದು ಹೋಗಬೇಡಿ, ಒಮ್ಮೆಯಾದರೂ ಎರಡೂ ಕೈಯಲ್ಲಿ ಬಿಪಿ ನೋಡಿಸಿಕೊಳ್ಳಿ. ಎರಡರ ನಡುವೆ ಹತ್ತಕ್ಕಿಂತ ಹೆಚ್ಚು ಅಂತರ ಪದೇ ಪದೇ ಬಂದರೆ ಡಾಕ್ಟರಿಗೆ ಹೇಳಿ. ಬಹುತೇಕ ಏನೂ ಇರುವುದಿಲ್ಲ. ಆದರೂ ಹೇಳಿ.

ಮೊನ್ನೆ ಗುರುವಾರ ಗುಳಿಗೆ ಡಬ್ಬಿ ಹಿಡಿದು ಸಿಸ್ಟರ್ ಮತ್ತೆ ಶಾಲೆಗೆ ಬಂದಿದ್ದರು. ಚೀಟಿಯ ಮೇಲಿನ ಅಡ್ಡಗೆರೆ ತೋರಿಸಿದೆ. ನೋಡಿದರು, ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಬಲಗೈಗೆ ಪಟ್ಟಿ ಕಟ್ಟಿದರು, 128 ಬಂತು. ಪಟ್ಟಿ ಬಿಚ್ಚಿದ ಮೇಲೆ, ಮೂರು ವರ್ಷದಿಂದ ಪ್ರತಿ ಸಲ ಮಾಡುವ ಹಾಗೆ, ನನ್ನ ಎಡ ಮಣಿಕಟ್ಟು ಹಿಡಿದು ಬೆರಳಿಟ್ಟರು.

"ಸಿಕ್ಕಿತೇನ್ರಿ ಸಿಸ್ಟರ್?"

"ಇಲ್ಲರೀ ಅಕ್ಕೋರ. ಕೈ ಮಾತ್ರ ಬೆಚ್ಚಗೈತಿ" ಎಂದರು. ಎಂದರೂ ಬೆರಳು ತೆಗೆಯಲಿಲ್ಲ.